ಅಪಘಾತದ ಪರಿಹಾರ ಮತ್ತು ಜೇಬಿನಲ್ಲಿರುವ ಸಾಕ್ಷಿ
(ಸುವರ್ಣ ಮಹೋತ್ಸವದ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿ, ವಕೀಲರೊಬ್ಬರು ಮಾಡಿದ ಭಾಷಣ)



ಊರಿಗೆ ಉಪಯೋಗವಾಗುವ ಕಾನೂನಿನ ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರ ಅಪ್ಪಣೆ. ಬೈಕಿಲ್ಲದ ಮನೆ ಈಗ ಕಡಿಮೆ, ಮೊಬೈಲಿಲ್ಲದ ಮನೆ ಇನ್ನೂ ಕಡಿಮೆ. ಎರಡೂ ಕೂಡುವ ಜಾಗದ ಬಗ್ಗೆ ಮಾತಾಡುತ್ತೇನೆ.

ಒಬ್ಬ ಗಾರೆ ಕೆಲಸದವನಿಗೆ ಲಾರಿ ಬಡಿದು ತೊಡೆಯ ಮೂಳೆ ಮುರಿಯಿತು ಎಂದಿಟ್ಟುಕೊಳ್ಳಿ. ರಾಡು ಹಾಕಿದರು. ಏಣಿ ಹತ್ತಲಾರ, ಕುಕ್ಕರಗಾಲಲ್ಲಿ ಕೂರಲಾರ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿದ. ವರ್ಷದ ಮೇಲೆ ತಂಗಿಯ ಮದುವೆಯಲ್ಲಿ ಗೆಳೆಯರು ಎಳೆದರೆಂದು ನಾಲ್ಕು ಹೆಜ್ಜೆ ಕುಣಿದ. ಯಾರೋ ಅದನ್ನು ಫೇಸ್‌ಬುಕ್ಕಿಗೆ ಹಾಕಿದರು. ಪಾಟೀಸವಾಲಿನ ದಿನ ಅದೇ ಚಿತ್ರ ವಿಮಾ ಕಂಪನಿಯ ವಕೀಲರ ಕೈಯಲ್ಲಿ. ‘ಕುಣಿಯಲು ಆಗುತ್ತೆ, ದುಡಿಯಲು ಆಗೋದಿಲ್ವೇನಪ್ಪಾ?’

ಇಲ್ಲಿ ಹೆದರಿ ‘ಅದು ನಾನಲ್ಲ’ ಎಂದರೆ ಕೆಟ್ಟಿತು. ಒಂದು ಸುಳ್ಳು ಸಿಕ್ಕಿದರೆ ನಿಜವಾದ ನೋವನ್ನೂ ನಂಬುವುದು ಕಷ್ಟ. ಕೇಸು ನಡೆಯುವಾಗ ಹಾಕಿದ್ದನ್ನು ಅಳಿಸುವುದೂ ಬೇಡ. ಅಷ್ಟರಲ್ಲಿ ಬೇರೆಯವರ ಬಳಿ ಪ್ರತಿ ಇರುತ್ತದೆ, ಅಳಿಸಿದ್ದೇ ಇನ್ನೊಂದು ಪ್ರಶ್ನೆಯಾಗುತ್ತದೆ. ಕುಣಿದದ್ದು ನಿಜ, ಆ ರಾತ್ರಿ ಮಾತ್ರೆ ನುಂಗಿ ಮಲಗಿದ್ದೂ ನಿಜ ಎಂದು ಹೇಳಬೇಕು. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶೇಕಡಾವಾರು ಅಂಗವೈಕಲ್ಯ ಬೇರೆ, ಗಳಿಕೆಯ ನಷ್ಟ ಬೇರೆ ಎಂದು ಬಿಡಿಸಿ ಹೇಳಿದೆ. ಎಡಗೈ ಹೋದರೆ ಬಡಗಿಯ ಗಳಿಕೆ ಹೆಚ್ಚುಕಡಿಮೆ ಪೂರ್ತಿ ಹೋಗಬಹುದು. ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಅಂದಮೇಲೆ ಪ್ರಶ್ನೆ ಅರ್ಧ ನಿಮಿಷ ಕುಣಿದನೇ ಎಂಬುದಲ್ಲ, ದಿನವಿಡೀ ಸಿಮೆಂಟು ಬಾಂಡ್ಲಿ ಹೊರಬಲ್ಲನೇ ಎಂಬುದು. ಅದನ್ನು ಹೇಳಬೇಕಾದವರು ವೈದ್ಯರು ಮತ್ತು ಕೆಲಸ ಕೊಟ್ಟ ಮೇಸ್ತ್ರಿ. ನನ್ನ ಮಟ್ಟಿಗೆ ನೂರು ಫೋಟೋಗಿಂತ ಒಬ್ಬ ಮೇಸ್ತ್ರಿಯ ನೇರ ಮಾತು ಮೇಲು.

ಆ ಚಿತ್ರ ಸಾಕ್ಷ್ಯವಾಗುವುದಕ್ಕೂ ನಿಯಮವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಮೊಬೈಲು, ಕಂಪ್ಯೂಟರಿನ ಪ್ರತಿಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಷ್, ಅಂದರೆ ಬೆರಳಚ್ಚಿನಂಥ ಗುರುತು, ಬರೆಯಬೇಕು. ಮೂಲ ಸಾಧನವನ್ನೇ ಅದರ ಮಾಲೀಕ ಹಾಜರುಪಡಿಸಿ ರುಜುವಾತು ಮಾಡಿದರೆ ಆ ಪತ್ರ ಬೇಡವೆಂದು ಹಳೆಯ 65ಬಿ ಕಲಮಿನ ಬಗ್ಗೆ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಆದರೆ ಪ್ರಮಾಣಪತ್ರ ಇಲ್ಲವೆಂದು ಬೀಗಬೇಡಿ. ಪರಿಹಾರದ ಕೇಸುಗಳಲ್ಲಿ ಸಾಕ್ಷ್ಯದ ನಿಯಮಗಳು ಅಷ್ಟು ಬಿಗಿಯಲ್ಲ. ಆ ಸಡಿಲಿಕೆ ನಮಗೂ ಉಂಟು, ಅವರಿಗೂ ಉಂಟು.

ನಮ್ಮ ಪರವಾದ ಸಾಕ್ಷ್ಯವೂ ಹೀಗೇ ಕಳೆದುಹೋಗುತ್ತದೆ. ಅಪಘಾತದ ಜಾಗದ ಫೋಟೋವನ್ನು ವಾಟ್ಸಾಪಿನಲ್ಲಿ ಹಂಚಿ ಮೂಲವನ್ನು ಅಳಿಸುತ್ತೇವೆ. ಹಾಗೆ ಕಳಿಸಿದ ಫೋಟೋದಲ್ಲಿ ತೆಗೆದ ಸಮಯ, ಸ್ಥಳದ ವಿವರ ಉಳಿಯುವುದಿಲ್ಲ. ತೆಗೆದ ಫೋನನ್ನು ಮಾರಬೇಡಿ. ಅಂಗಡಿಯ ಸಿಸಿಟಿವಿ ಕೆಲವು ದಿನಗಳಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತದೆ, ಆ ವಾರವೇ ಪೊಲೀಸರಿಗೆ ಬರವಣಿಗೆಯಲ್ಲಿ ಕೇಳಿ.

ಇನ್ನೊಂದು. 2022ರ ಏಪ್ರಿಲ್ 1ರಿಂದ ಅರ್ಜಿಗೆ 6 ತಿಂಗಳ ಗಡುವು ಬಂದಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ ಎಂದು ಸುಮ್ಮನೆ ಕೂರಬೇಡಿ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು.