600 ಕೆಜಿ ಸ್ಪಂಜು, ಅರ್ಧ ಅಕ್ಕಿಕಾಳು ಮದ್ದು

ಇವತ್ತು ಸ್ಪಂಜಿನ ಕಥೆ. ಪಾತ್ರೆ ತೊಳೆಯೋ ಸ್ಪಂಜ್ ಅಲ್ಲ, ಅದು ಪ್ಲಾಸ್ಟಿಕ್. ಇದು ಸಮುದ್ರದಲ್ಲಿ ಬಂಡೆಗೆ ಅಂಟಿಕೊಂಡು ಬದುಕೋ ಸ್ಪಂಜು. ನೋಡೋಕೆ ಗಿಡದ ಥರ, ಆದ್ರೆ ಪ್ರಾಣಿ.

ಓಡೋಕೆ ಕಾಲಿಲ್ಲ, ಕಚ್ಚೋಕೆ ಹಲ್ಲಿಲ್ಲ, ಮೇಲೆ ಚಿಪ್ಪೂ ಇಲ್ಲ. ದಿನವಿಡೀ ನೀರನ್ನು ಒಳಗೆಳೆದು ಸೋಸಿ ತಿನ್ನುತ್ತೆ. ಇಂಥ ಜೀವಿ ಉಳಿದುಕೊಳ್ಳೋಕೆ ಇರೋ ದೊಡ್ಡ ಆಯುಧ ಅಂದ್ರೆ ರಾಸಾಯನಿಕ, ಅಂದ್ರೆ ವಿಷ. ಕೆಲವು ಸಲ ಅದನ್ನು ತಯಾರಿಸೋದು ಸ್ಪಂಜೂ ಅಲ್ಲ, ಅದರೊಳಗೆ ಬಾಡಿಗೆಗಿರೋ ಸೂಕ್ಷ್ಮಜೀವಿಗಳು! ಬ್ಯಾಕ್ಟೀರಿಯಾ ಕೊಲ್ಲೋ, ಕ್ಯಾನ್ಸರ್ ತಡೆಯೋ ಮದ್ದು ಹುಡುಕೋರು ಸ್ಪಂಜಿನ ಹಿಂದೆ ಬಿದ್ದಿರೋದು ಇದಕ್ಕೇ. ರಕ್ತದ ಕ್ಯಾನ್ಸರ್‌ಗೆ ಇವತ್ತಿಗೂ ಕೊಡೋ ಸೈಟರಾಬಿನ್‌ನ ಮೂಲವೂ ಒಂದು ಸ್ಪಂಜೇ.

ಈಗ ಜಪಾನಿಗೆ ಹೋಗೋಣ. ಅಲ್ಲಿನ ವಿಜ್ಞಾನಿಗಳಾದ ಹಿರಾಟಾ ಮತ್ತು ಉಎಮುರಾ 1986ರಲ್ಲಿ ಒಂದು ಕಪ್ಪು ಸ್ಪಂಜಿನಿಂದ ಹ್ಯಾಲಿಕಾಂಡ್ರಿನ್ ಬಿ ಅನ್ನೋ ವಸ್ತು ಸಿಕ್ಕಿದ್ದನ್ನು ವರದಿ ಮಾಡಿದರು. ಒಂದು ಕೋಶ ಎರಡಾಗ್ಬೇಕಾದ್ರೆ ಒಳಗೆ ನೂಲಿನಂಥ ಎಳೆಗಳು ಬೆಳೀಬೇಕು. ಇದು ಆ ಎಳೆಗಳನ್ನು ಬೆಳೆಯೋಕೇ ಬಿಡಲ್ಲ. ಇಲಿಗಳಲ್ಲಿ ಕ್ಯಾನ್ಸರ್ ಗೆಡ್ಡೆ ವಿರುದ್ಧ ಚೆನ್ನಾಗಿ ಕೆಲಸ ಮಾಡ್ತು.

ಆದ್ರೆ ಬಿಕಾಂ ಓದಿರೋ ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ ಅಂಕಿ. 600 ಕೆಜಿ ಸ್ಪಂಜು ಅರೆದು ಸೋಸಿದ್ರೆ ಸಿಕ್ಕಿದ್ದು 12.5 ಮಿಲಿಗ್ರಾಂ. ಹೆಚ್ಚುಕಮ್ಮಿ ಅರ್ಧ ಅಕ್ಕಿಕಾಳು! ಇವತ್ತಿನ ಔಷಧಿಯ ಡೋಸ್ ಲೆಕ್ಕದಲ್ಲಿ ನೋಡಿದ್ರೆ ಅದು ಒಬ್ಬ ರೋಗಿಗೆ ಎರಡು ತಿಂಗಳಿಗೆ ಸಾಕಾಗ್ಬಹುದು, ಅಷ್ಟೆ. ಮುಂದೆ ನ್ಯೂಜಿಲೆಂಡ್‌ನಲ್ಲಿ ಇನ್ನೊಂದು ಜಾತಿಯ ಸ್ಪಂಜನ್ನು ಒಂದು ಟನ್ ತೆಗೆದರು. ಸಿಕ್ಕಿದ್ದು ಸುಮಾರು 300 ಮಿಲಿಗ್ರಾಂ. ವಾಸಿ, ಆದ್ರೂ ಈ ರೇಟಲ್ಲಿ ಎಲ್ಲ ರೋಗಿಗಳಿಗೂ ಕೊಡೋಕೆ ಹೊರಟ್ರೆ ಸ್ಪಂಜೇ ಮುಗಿದುಹೋಗುತ್ತೆ.

ದಾರಿ ತೆರೆದದ್ದು ಲ್ಯಾಬಿನಲ್ಲಿ. ಹಾರ್ವರ್ಡ್‌ನ ಯೋಶಿತೊ ಕಿಶಿ ತಂಡ 1992ರಲ್ಲಿ ಆ ಅಣುವನ್ನು ಸ್ಪಂಜಿನ ಹಂಗಿಲ್ಲದೆ ಕಟ್ಟಿತು. ಆಮೇಲೆ ಗೊತ್ತಾಗಿದ್ದು, ಕೆಲಸ ಮಾಡೋದು ಅಣುವಿನ ಅರ್ಧ ಭಾಗ ಮಾತ್ರ ಅಂತ. ಜಪಾನಿನ ಐಸಾಯ್ ಕಂಪನಿ ಆ ಅರ್ಧವನ್ನೇ ತಿದ್ದಿ ಎರಿಬುಲಿನ್ ಮಾಡಿತು. ಅರ್ಧ ಅಂದ್ರೆ ಸುಲಭ ಅಂದ್ಕೋಬೇಡಿ, ತಯಾರಿಗೆ 60ಕ್ಕೂ ಹೆಚ್ಚು ಹಂತ. 2010ರಲ್ಲಿ ಅಮೆರಿಕದಲ್ಲಿ ಹರಡಿದ ಸ್ತನ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ತು.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಆಗಲೇ ಹಲವು ಸುತ್ತಿನ ಚಿಕಿತ್ಸೆ ಪಡೆದಿದ್ದ 762 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ, ಬೇರೆ ಚಿಕಿತ್ಸೆ ಪಡೆದವರು ಬದುಕಿದ್ದ ಮಧ್ಯಂಕ ಅವಧಿ 10.6 ತಿಂಗಳು, ಎರಿಬುಲಿನ್ ಪಡೆದವರದ್ದು 13.1. ಎರಡೂವರೆ ತಿಂಗಳು. ವಾಟ್ಸಾಪಲ್ಲಿ ‘ಕ್ಯಾನ್ಸರ್‌ಗೆ ಸಮುದ್ರದ ರಾಮಬಾಣ’ ಅಂತ ಫಾರ್ವರ್ಡ್ ಬಂದ್ರೆ ಈ ಅಂಕಿ ಕಳಿಸಿ. ‘ಇಷ್ಟೇನಾ’ ಅಂತ ಮೂಗು ಮುರಿಯೋರಿಗೂ ಇದನ್ನೇ ಕಳಿಸಿ. ಮಗಳ ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಎರಡು ತಿಂಗಳು ಬಾಕಿ ಇರೋ ತಾಯಿಗೆ ಅದು ‘ಇಷ್ಟೇ’ ಅಲ್ಲ.

ಮುಂದಿನ ವಾರ ಸಿಗೋಣ.