ಅಥೆನ್ಸಿನಲ್ಲಿ ಸೋತವನು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ನಿವೃತ್ತ ದೈಹಿಕ ಶಿಕ್ಷಕರ ಭಾಷಣ)

ನನ್ನ ಸೀಟಿ ಕೇಳಿ ಬಿಸಿಲಲ್ಲಿ ಓಡಿದ ಹಳೆಯ ವಿದ್ಯಾರ್ಥಿಗಳೇ,

ಹತ್ತು ನಿಮಿಷ ಸಾಕು ಮೇಷ್ಟ್ರೇ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಮೈಕು ಕೊಟ್ಟರೆ ಡ್ರಿಲ್ ಮಾಡಿಸಿಬಿಟ್ಟಾನು ಎಂಬ ಭಯವಿರಬೇಕು. ನಾನು ಚೀನಾದ ಒಬ್ಬ ಬ್ಯಾಡ್ಮಿಂಟನ್ ಆಟಗಾರನ ವಿಷಯ ಹೇಳುತ್ತೇನೆ. ಯಾಕೆ ಎಂಬುದು ಕೊನೆಗೆ ತಿಳಿಯುತ್ತದೆ.

ಅವನು ಲಿನ್ ಡಾನ್. 1983ರಲ್ಲಿ ಫುಜಿಯಾನ್ ಪ್ರಾಂತ್ಯದಲ್ಲಿ ಹುಟ್ಟಿದ. ಮಗ ಪಿಯಾನೊ ಕಲಿಯಲಿ ಎಂದು ಹೆತ್ತವರ ಆಸೆ. ಅವನು ಐದನೇ ವಯಸ್ಸಿಗೇ ರಾಕೆಟ್ ಹಿಡಿದ, ಅದೂ ಎಡಗೈಯಲ್ಲಿ. ಎಡಗೈಯಲ್ಲಿ ಬರೆದರೆ ಬೆರಳಿಗೆ ಏಟು ಬೀಳುತ್ತಿದ್ದ ಕಾಲದವರು ನಾವು, ನೆನಪಿದೆಯಲ್ಲ? ಸೇನೆಯ ಕ್ರೀಡಾ ತಂಡದಲ್ಲಿ ಪಳಗಿ ರಾಷ್ಟ್ರೀಯ ತಂಡ ಸೇರಿದ. 2004ರಲ್ಲಿ ವಿಶ್ವದ ಒಂದನೇ ಆಟಗಾರ. ನಮ್ಮ ಪ್ರಕಾಶ್ ಪಡುಕೋಣೆ 1980ರಲ್ಲಿ ಗೆದ್ದ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಆ ವರ್ಷ ಅವನೂ ಗೆದ್ದ. ಮುಂದೆ ಇನ್ನೂ ಐದು ಸಲ ಗೆದ್ದ, ಅದಿರಲಿ.

ಅದೇ ವರ್ಷ ಆಗಸ್ಟಿನಲ್ಲಿ ಅಥೆನ್ಸ್ ಒಲಿಂಪಿಕ್ಸ್. ಎಲ್ಲರೂ ಚಿನ್ನ ಅವನಿಗೇ ಎಂದುಕೊಂಡಿದ್ದರು. ಆಡಿದ ಮೊದಲನೇ ಪಂದ್ಯದಲ್ಲೇ ಸಿಂಗಪುರದ ರೊನಾಲ್ಡ್ ಸುಸಿಲೊ ಎದುರು ಎರಡೂ ಗೇಮ್ ಸೋತು ಹೊರಬಿದ್ದ. ಮರುವರ್ಷ ವಿಶ್ವ ಚಾಂಪಿಯನ್‌ಷಿಪ್ ಫೈನಲ್ಲಿನಲ್ಲಿ ಇಂಡೋನೇಷ್ಯಾದ ತೌಫಿಕ್ ಹಿದಾಯತ್ ಕೈಯಲ್ಲಿ ಮತ್ತೆ ಸೋಲು.

ಅಥೆನ್ಸಿನ ಸುದ್ದಿ ಪೇಪರಿನಲ್ಲಿ ಬಂದ ಆ ಹಂಗಾಮಿನಲ್ಲೇ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹುಡುಗನೊಬ್ಬ ತಾಲ್ಲೂಕು ಕ್ರೀಡಾಕೂಟದ ಮೊದಲ ಪಂದ್ಯದಲ್ಲೇ ಸೋತ. ಜಿಲ್ಲೆಗೆ ಹೋಗುತ್ತಾನೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ, ಎಲ್ಲರ ಮುಂದೆ, ಅವನನ್ನು ಆಡಬಾರದ ಮಾತು ಆಡಿದೆ. ಮಾರನೇ ದಿನದಿಂದ ಅವನು ಮೈದಾನಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಲಿನ್ ಡಾನ್ ಮಾತ್ರ ಮತ್ತೆ ಅಂಗಳಕ್ಕೆ ಬಂದ. 2006, 2007ರಲ್ಲಿ ವಿಶ್ವ ಚಾಂಪಿಯನ್. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್ಲಿನಲ್ಲಿ ಮಲೇಷ್ಯಾದ ಲೀ ಚಾಂಗ್ ವೀಯನ್ನು 21-12, 21-8ರಿಂದ ಸೋಲಿಸಿದ. 2009ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಹೈದರಾಬಾದಿನಲ್ಲೇ ನಡೆಯಿತು. ರೈಲು ಹತ್ತಿ ಹೋಗಿ ನೋಡಿ ಬಂದೆ. ಜನ ಅವನ ಸ್ಮ್ಯಾಷಿಗೆ ಚಪ್ಪಾಳೆ ಹೊಡೆಯುತ್ತಿದ್ದರು; ನಾನು ಕಾಲು ನೋಡುತ್ತಿದ್ದೆ. ಹೊಡೆದು ಮುಗಿಸಿದ ಮರುಗಳಿಗೆಯೇ ಅಂಗಳದ ನಡುವಿಗೆ ವಾಪಸು, ಆತುರವಿಲ್ಲದೆ, ಸದ್ದಿಲ್ಲದೆ. ಅಲ್ಲೂ ಅವನೇ ಗೆದ್ದ. 2012ರ ಲಂಡನ್ ಫೈನಲ್ಲಿನಲ್ಲಿ ಮತ್ತೆ ಅದೇ ಲೀ. ಮೊದಲ ಗೇಮ್ ಕಳೆದುಕೊಂಡು, ಕೊನೆಯದನ್ನು 21-19ರಲ್ಲಿ ಗೆದ್ದು ಹುಚ್ಚನಂತೆ ಓಡಿದ. ಪುರುಷರ ಸಿಂಗಲ್ಸ್‌ನಲ್ಲಿ ಒಲಿಂಪಿಕ್ ಚಿನ್ನ ಉಳಿಸಿಕೊಂಡ ಮೊದಲಿಗ ಅವನೇ. 2016ರಲ್ಲಿ ರಿಯೊದ ಸೆಮಿಫೈನಲ್ಲಿನಲ್ಲಿ ಲೀ 22-20ರಲ್ಲಿ ಸೇಡು ತೀರಿಸಿಕೊಂಡ. 2020ರ ಜುಲೈನಲ್ಲಿ ಲಿನ್ ಡಾನ್ ನಿವೃತ್ತನಾದ.

ಅವನು ಗೆದ್ದ ಸುದ್ದಿ ಓದಿದಾಗಲೆಲ್ಲ ನನಗೆ ಆ ಬಸ್ಸು ನೆನಪಾಗುತ್ತಿತ್ತು.

ಆ ಹುಡುಗ ಇವತ್ತು ಇಲ್ಲೇ ಇದ್ದಾನೆ. ಬೆಳಗಿನಿಂದ ಊಟದ ಪೆಂಡಾಲಿನ ಉಸ್ತುವಾರಿ ಅವನದೇ. ಮೈಕು ಅಲ್ಲಿಗೂ ಕೇಳಿಸುತ್ತದೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ: ಅವತ್ತು ತಪ್ಪು ನನ್ನದಪ್ಪಾ. ಸಂಜೆ ಹೊಂಗೆಮರದ ಹತ್ತಿರ ನೆಟ್ ಕಟ್ಟಿಸಿದ್ದೇನೆ, ಎರಡು ರಾಕೆಟ್ ತಂದಿದ್ದೇನೆ. ನನಗೆ ಮಂಡಿನೋವು, ಹತ್ತಿರವೇ ಹಾಕು.