ಆನೆಯ ಕೊರಳಪಟ್ಟಿಯೂ ಆಕಾಶದ ಉಪಗ್ರಹವೂ
(ಬಿಕ್ಕೋಡಿನಲ್ಲಿ ಮಾಡಿದ ಉಪನ್ಯಾಸ)

ಕೃತಕ ಉಪಗ್ರಹಗಳು ರೇಡಿಯೋ ತರಂಗಗಳಿಂದ ಹೇಗೆ ಮಾತನಾಡುತ್ತವೆಂಬುದನ್ನು ಎಲ್ಲರಿಗೂ ತಿಳಿಯುವಂತೆ ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ವಿಷಯವು ಆಕಾಶದ್ದಾದರೂ ಅದರ ಪ್ರಯೋಜನವು ಈ ಊರಿನ ಕಾಫಿತೋಟದ ಬೇಲಿಯವರೆಗೂ ಬಂದಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಕಾಡಾನೆಗಳ ಹಾವಳಿಯನ್ನು ಬಿಕ್ಕೋಡಿನವರಿಗೆ ನಾನು ವರ್ಣಿಸಬೇಕಾದುದಿಲ್ಲ. ಅರಣ್ಯ ಇಲಾಖೆಯವರು ಹಾಸನ ಜಿಲ್ಲೆಯ ಕೆಲವು ಆನೆಗಳ ಕೊರಳಿಗೆ ರೇಡಿಯೋ ಕಾಲರ್ ಎಂಬ ಪಟ್ಟಿಯನ್ನು ತೊಡಿಸಿ, ಅವುಗಳ ಸಂಚಾರವನ್ನು ಮೊಬೈಲ್ ಸಂದೇಶದಿಂದ ಜನರಿಗೆ ತಿಳಿಸುವ ಏರ್ಪಾಡು ಮಾಡಿರುವರಷ್ಟೆ. ತೋಟದ ಕೆಲಸಕ್ಕೆ ಹೋಗುವ ತಾಯಿಯೊಬ್ಬರು ನನ್ನನ್ನು, “ಮೇಲಿರೋ ಉಪಗ್ರಹ ಆನೇನ ನೋಡ್ತಾನೇ ಇರುತ್ತಂತೆ. ಮೆಸೇಜ್ ಬರಲಿಲ್ಲ ಅಂದ್ರೆ ಆನೆ ಇಲ್ಲ ಅಂತ ತಾನೆ, ಸಾಮಿ?” ಎಂದು ಕೇಳಿದರು. ಅಲ್ಲ, ಹಾಗೆ ನಂಬುವುದು ಪ್ರಾಣಕ್ಕೇ ಅಪಾಯ. ಏತಕ್ಕೆಂದರೆ, ಆ ಉಪಗ್ರಹಗಳು ಆನೆಯನ್ನು ನೋಡುವುದೇ ಇಲ್ಲ. ಆನೆಯ ಪಟ್ಟಿಯು ಉಪಗ್ರಹಗಳ ಮಾತನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ.

ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಜಿ.ಪಿ.ಎಸ್. ಎಂಬ ಉಪಗ್ರಹಗಳ ಸಮೂಹವೊಂದು ಸುತ್ತುತ್ತಿದೆ. ಪ್ರತಿಯೊಂದರಲ್ಲಿಯೂ ಅತಿ ಸೂಕ್ಷ್ಮವಾದ ಪರಮಾಣು ಗಡಿಯಾರವಿದೆ. “ನಾನು ಇಂಥ ಸ್ಥಳದಲ್ಲಿದ್ದೇನೆ, ಈಗ ಇಷ್ಟು ಹೊತ್ತು” ಎಂದು ಅವು ಹಗಲಿರುಳೂ ಸಾರುತ್ತಿರುತ್ತವೆ. ಕೇಳುವವರು ಯಾರೆಂಬುದು ಅವಕ್ಕೆ ತಿಳಿಯದು. ರೇಡಿಯೋ ತರಂಗವು ಬೆಳಕಿನಂತೆಯೇ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುವುದಾದರೂ, ಅಷ್ಟು ದೂರ ಬರುವುದಕ್ಕೆ ಸೆಕೆಂಡಿನ ಹದಿನೈದನೆಯ ಒಂದು ಪಾಲಾದರೂ ಬೇಕು. ಹೊರಟ ಹೊತ್ತಿಗೂ ಮುಟ್ಟಿದ ಹೊತ್ತಿಗೂ ಇರುವ ಅಂತರವನ್ನು ಅಳೆದರೆ ದೂರ ತಿಳಿಯಿತು. ನಾಲ್ಕು ಉಪಗ್ರಹಗಳ ದೂರವನ್ನು ಹೀಗೆ ಕೂಡಿಸಿ ನೋಡಿದರೆ ಸ್ಥಳವು ನಿಶ್ಚಯವಾಗುತ್ತದೆ. ನಾಲ್ಕನೆಯದು ಬೇಕಾದುದು ಪಟ್ಟಿಯ ಸಾಧಾರಣ ಗಡಿಯಾರದ ತಪ್ಪನ್ನು ತಿದ್ದುವುದಕ್ಕೆ. ಸೆಕೆಂಡಿನ ಲಕ್ಷದಲ್ಲೊಂದು ಪಾಲು ತಪ್ಪಿದರೂ ಮೂರು ಕಿಲೋಮೀಟರ್ ತಪ್ಪಿದಂತೆ, ಬಿಕ್ಕೋಡಿನ ಆನೆಯು ಪಕ್ಕದ ಊರಿನಲ್ಲಿ ಕಾಣಿಸಿಕೊಳ್ಳುವುದು!

ಇಷ್ಟಾದರೂ ಸ್ಥಳವು ತಿಳಿದದ್ದು ಪಟ್ಟಿಗೆ ಮಾತ್ರ. ನಮಗೆ ತಿಳಿಯಬೇಕಾದರೆ ಅದು ತಾನೇ ಮಾತನಾಡಬೇಕು. ಕೆಲವು ಪಟ್ಟಿಗಳು ಮೊಬೈಲ್ ಗೋಪುರದ ಮೂಲಕ ಹೇಳುತ್ತವೆ, ಕೆಲವು ಮತ್ತೊಂದು ಬಗೆಯ ಉಪಗ್ರಹದ ಮೂಲಕ. ಈ ಎರಡನೆಯ ಬಗೆಯವು ಸಂಪರ್ಕ ಉಪಗ್ರಹಗಳು. ಇವು ಕೇಳುತ್ತವೆ, ಕೇಳಿದ್ದನ್ನು ಮರಳಿ ಹೇಳುತ್ತವೆ. ಪಟ್ಟಿಯ ಮಾತನ್ನು ಒಯ್ಯತಕ್ಕವು ಬೇರೆಯಾದರೂ, ಈ ವಿದ್ಯೆಯ ತತ್ತ್ವವನ್ನು ತಿಳಿಯಲು ನಮ್ಮ ಹಾಸನಕ್ಕೆ ಹೋದರೆ ಸಾಕು. ಇನ್ಸಾಟ್ ಉಪಗ್ರಹಗಳನ್ನು ಆಳುವ ಮುಖ್ಯ ನಿಯಂತ್ರಣ ಕೇಂದ್ರವು 1982ರಿಂದ ಅಲ್ಲಿದೆ. ದೊಡ್ಡ ಬಟ್ಟಲುಗಳಂಥ ಅದರ ಆಂಟೆನಾಗಳು ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳಿಗೆ ಅಪ್ಪಣೆ ಕಳುಹಿಸಿ, ಅವುಗಳ ಕ್ಷೇಮಸಮಾಚಾರವನ್ನು ಕೇಳುತ್ತವೆ. ಇನ್ಸಾಟ್‌ನ ಒಂದು ಬಗೆಯ ಪ್ರಸಾರದಲ್ಲಿ ಮೇಲೆ ಹೋಗುವ ತರಂಗವು ಸೆಕೆಂಡಿಗೆ ಸುಮಾರು 600 ಕೋಟಿ ಸಲ ಕಂಪಿಸಿದರೆ, ಕೆಳಗೆ ಬರುವುದು ಸುಮಾರು 400 ಕೋಟಿ ಸಲ. ಎರಡೂ ಒಂದೇ ಆದರೆ ಉಪಗ್ರಹದ ಸ್ವಂತ ಕೂಗಿನಲ್ಲಿ ಭೂಮಿಯಿಂದ ಬಂದ ಪಿಸುಮಾತು ಮುಳುಗಿಹೋಗುವುದು.

ಉಪಗ್ರಹದ ಮುಖವು ಭೂಮಿಯ ಕಡೆಗೇ ಇರಬೇಕು. ತಿರುಗಿತೋ ಸಂಭಾಷಣೆ ನಿಂತಿತು. 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಉಪಗ್ರಹದ ಒಂದು ಆಂಟೆನಾ ಮೊದಲು ಬಿಚ್ಚಿಕೊಳ್ಳಲೇ ಇಲ್ಲ. ಬಹು ಪ್ರಯಾಸದಿಂದ ಬಿಚ್ಚಿಸಿದರು. ಆದರೆ ಅದೇ ಸೆಪ್ಟೆಂಬರಿನಲ್ಲಿ, ಮುಖವನ್ನು ನೆಟ್ಟಗಿರಿಸುವ ಇಂಧನವು ತೀರಿಹೋಗಲು, ಅದನ್ನು ಕೈಬಿಡಬೇಕಾಯಿತು. ಮರುವರ್ಷ ಆಗಸ್ಟ್ 30ರಂದು ಹಾರಿದ ಇನ್ಸಾಟ್-1ಬಿ ದೀರ್ಘಕಾಲ ಸೇವೆಮಾಡಿತು.

ಆನೆಯ ಪಟ್ಟಿಗೂ ಇಂಥದೇ ಬಡತನ. ಅದರಲ್ಲಿರುವುದು ಒಂದು ಬ್ಯಾಟರಿ ಮಾತ್ರ. ಎಡೆಬಿಡದೆ ಮಾತನಾಡಿದರೆ ಬೇಗನೆ ಬರಿದಾಗುವುದೆಂದು, ಗೊತ್ತಾದ ವೇಳೆಗಳಲ್ಲಿ ಮಾತ್ರ ಸ್ಥಳವನ್ನು ಹೇಳುವಂತೆ ಅದನ್ನು ಅಣಿಗೊಳಿಸಿರುತ್ತಾರೆ. ದಟ್ಟವಾದ ಮರಗಳ ಕೆಳಗೆ ಸಂಕೇತಗಳು ಕ್ಷೀಣಿಸುತ್ತವೆ. ಅದೂ ಅಲ್ಲದೆ, ಹಿಂಡಿನ ಒಂದು ಹೆಣ್ಣಾನೆಗೆ ಪಟ್ಟಿಯಿದ್ದರೆ ಹಿಂಡಿನ ಸುಳಿವು ಸಿಕ್ಕುವುದಾದರೂ, ಪಟ್ಟಿಯಿಲ್ಲದ ಒಂಟಿ ಸಲಗದ ಸುದ್ದಿಯನ್ನು ಯಾವ ಉಪಗ್ರಹವೂ ತಾರದು. ಎಲ್ಲಕ್ಕೂ ಪಟ್ಟಿ ತೊಡಿಸಬಾರದೇಕೆಂದು ಕೇಳುವುದು ಸುಲಭ. ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನನು 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ವಲಯದಲ್ಲಿ, ಕಾಡಾನೆಗಳನ್ನು ಹಿಡಿಯುವ ಕಾರ್ಯದಲ್ಲಿಯೇ ಸಲಗದೊಡನೆ ಸೆಣಸಿ ಮಡಿದನು.

ಆ ತಾಯಿಗೆ ನಾನು ಹೇಳಿದ್ದು ಇಷ್ಟು: “ಸಂದೇಶ ಬಂದರೆ ಆ ದಿಕ್ಕಿಗೆ ಹೋಗಬೇಡಿ, ಅವ್ವ. ಸ್ಥಳವನ್ನು ಯಾವ ಹೊತ್ತಿನಲ್ಲಿ ಗುರುತಿಸಿದರೆಂಬುದನ್ನೂ ಕೇಳಿ; ಆನೆ ಆಮೇಲೆ ನಡೆದಿರುತ್ತದೆ. ಬಾರದಿದ್ದರೆ, ಮೊದಲಿನಂತೆಯೇ ನಾಲ್ಕು ಜನ ಕೂಡಿ, ಬೆಳಕು ಹರಿದ ಮೇಲೆ ತೋಟಕ್ಕಿಳಿಯಿರಿ.”